ಸೂತಕವಿಲ್ಲದ ಮನೆ

"ಏಳತೀಯೋ, ಸೊಂಟಕ್ಕ ಒದೀಲ್ಯೋ? ಪುರೇ ಕರ, ಸಾಕ ಮಾಡ ನಾಟಕ, ರಂಡೀ!"

ಬಸಗೊಂಡ ಪಾಟೀಲನ ಚಪ್ಪಲಿ ನನ್ನ ಕಣ್ಣೆದುರಿಗೇ ಇತ್ತು. ನಾನು ಮೆಣಸಿನ ಗಿಡಗಳ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆ. ಬಿಡಿಸಿದ ಹಣ್ಣುಮೆಣಸಿನಕಾಯಿ ಬುಟ್ಟಿಯಿಂದ ಚೆಲ್ಲಿತ್ತು. ಉಳಿದ ಹೆಂಗಸರು ತಲೆ ಎತ್ತದೆ ಕಾಯಿ ಬಿಡಿಸುತ್ತ ಮುಂದೆ ಹೋದರು.

"ಹೊರಗಾಗೇನ್ರಿ ಯಪ್ಪಾ. ಹೊಟ್ಟಿ ಹರಕೊಂಡ ಬಿದ್ದಂಗ ಆಗೈತ್ರಿ."

"ಹೊರಗ ಆಗೂದು, ಒಳಗ ಆಗೂದು ಎಲ್ಲಾ ನಿಮ್ಮ ಕುರುಬರ ಓಣ್ಯಾಗ ಇಟಗೋ. ನಾವು ಲಿಂಗ ಕಟ್ಟಿದ ಮಂದಿ. ನಮ್ಮಲ್ಲಿ ಮುಟ್ಟಿನ ಸೂತಕ ಇಲ್ಲ. ಏಳ!"

ನಮ್ಮ ಓಣಿಯಲ್ಲಿ ಮುಟ್ಟಾದವಳು ಕುರಿದೊಡ್ಡಿಯ ಮಗ್ಗುಲಿನ ಜೋಪಡಿಯಲ್ಲಿ ಕೂರಬೇಕು. ಅಲ್ಲಿ ಎಷ್ಟು ಹೊರಳಾಡಿದರೂ ಯಾರೂ ಏನೆಂದು ಕೇಳುವುದಿಲ್ಲ. ಪಾಟೀಲನ ಧರ್ಮ ದೊಡ್ಡದು, ಅಲ್ಲಿ ಮೈಲಿಗೆಯೇ ಇಲ್ಲ. ಹಾಗಾಗಿ ಕೂಲಿಯವಳಿಗೆ ಮಲಗುವ ಹಾಗೂ ಇಲ್ಲ. ಅವನ ಅಡುಗೆಮನೆಗೆ ನಾನು ಕಾಲಿಟ್ಟರೆ ಮಾತ್ರ ಮೈಲಿಗೆ ಎಲ್ಲಿಂದಲೋ ಓಡಿ ಬರುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವನು ಕೋಲಿನಿಂದ ತಿವಿದ. ನಾನು ಎದ್ದು ಕಾಯಿ ಬಿಡಿಸಿದೆ.

ನಮ್ಮ ನೂಲ ಊರಿನಲ್ಲಿ ಈ ನೋವು ಬಲ್ಲವಳು ಇನ್ನೊಬ್ಬಳಿದ್ದಳು, ಪಾಟೀಲನ ಹೆಂಡತಿ ಗೌರವ್ವ. ತಿಂಗಳು ತಿಂಗಳು ಹಿತ್ತಲ ಬಾಗಿಲಿನಿಂದ ನನಗೆ ಗುಟ್ಟಾಗಿ ಕರೆ ಬರುತ್ತಿತ್ತು. ಉಪ್ಪಿನ ಗಂಟು ಕಾಸಿ ಕಿಬ್ಬೊಟ್ಟೆಗೆ ಇಡುವುದು, ಸೊಂಟ ಒತ್ತುವುದು ನನ್ನ ಪಾಲಿನ ಕೆಲಸ. ಆ ಹೊತ್ತಿಗೆ ಅವಳು ನನ್ನ ಕೈ ಬಿಡುತ್ತಿರಲಿಲ್ಲ. ನಾನು ಅವಳನ್ನು ಅಕ್ಕಾರ ಎನ್ನುತ್ತಿದ್ದೆ, ಬರಿ ಬಾಯಿಮಾತಿಗಲ್ಲ.

ನಮ್ಮ ಊರು ಮಹಾರಾಷ್ಟ್ರ ರಾಜ್ಯಕ್ಕೆ ಸೇರಿದ ಎರಡನೆಯ ವರ್ಷ ಗೌರವ್ವ ತವರಿಗೆಂದು ಹೋದವಳು, ತನ್ನ ತಾಯಿಯ ಜೊತೆ ಕೊಲ್ಲಾಪುರಕ್ಕೆ ಹೋಗಿ ಒಬ್ಬ ಡಾಕ್ಟರಬಾಯಿಗೆ ತೋರಿಸಿಕೊಂಡು ಬಂದಳು.

"ಏನಂದ್ಲಿರಿ ಅಕ್ಕಾರ?"

"ಇದು ನಾಟಕ ಅಲ್ಲಂತ ಮಲಕವ್ವ, ಖರೇ ಬ್ಯಾನಿ ಐತಂತ. ಗರ್ಭದ ಒಳಗಿನ ಪದರ ಇರ್ತೈತಲ್ಲ, ಅಂಥಾದ್ದು ಗರ್ಭದ ಹೊರಗೂ ಬೆಳೀತೈತಂತ. ತಿಂಗಳಾ ಅದೂ ರಕ್ತ ಬಿಡತೈತಿ, ಹೊರಗ ಹೋಗಾಕ ಹಾದಿ ಇರೂದಿಲ್ಲ. ಅದಕ್ಕ ಹೊಟ್ಟಿ ಕೊಯ್ದಂಗ ಆಗೂದು. ಕೆಲವರಿಗಿ ಕೂಸ ಆಗೂದೂ ತ್ರಾಸಂತ. ಏನೋ ಉದ್ದ ಹೆಸರ ಹೇಳಿದ್ಲು, ನನ್ನ ನಾಲಿಗಿ ಹೊರಳಲಿಲ್ಲ."

"ನನಗೂ ಅದೇ ಏನ್ರಿ?"

"ನಿನ್ನ ತ್ರಾಸೂ ಹೇಳಿದ್ನಿ. ಅದೇ ಇರಬೇಕ ಅಂದ್ಲು."

ಹೆಸರಿದೆಯಂತೆ! ನನ್ನ ಹೆತ್ತವ್ವ ಇದನ್ನು ಹಿಂದಿನ ಜನ್ಮದ ಪಾಪ ಎಂದಿದ್ದಳು, ಅತ್ತೆ ಮಾಟ ಎಂದಿದ್ದಳು, ಗಂಡ ಮಲ್ಲಾರಿ ಸೋಗು ಎಂದಿದ್ದ. ಸಂತೋಷಕ್ಕೆ ನಾನು ಗೌರವ್ವನ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

"ಪಾಟೀಲ್ರಿಗಿ ಹೇಳೀರೇನ್ರಿ?"

"ಉಷ್ಣ ಅಂತ ಹೇಳೇನಿ. ಕೂಸಾಗೂದು ತ್ರಾಸ ಅಂದ್ರ ಈ ಮನ್ಯಾಗ ನನ್ನ ಉಳಸ್ತಾರ?"

"ನಿಮ್ಮದ ಹೇಳಬ್ಯಾಡ್ರಿ. ನನ್ನ ಗಂಡ ಮತ್ತೊಬ್ಬಾಕಿನ್ನ ತರಾಕ ನಿಂತಾನ, ಪಾಟೀಲ್ರನ್ನ ಕೇಳಾಕ ಬರ್ತಾನ. ಅವತ್ತ ಮಲಕವ್ವನ ಬ್ಯಾನಿ ಖರೇ ಅನ್ರಿ, ಅಷ್ಟ ಸಾಕ. ನನ್ನ ಬಾಳೇ ಉಳೀತೈತಿ."

"ಹೇಳ್ತೇನಿ. ಕಾಡಸಿದ್ಧನ ಆಣಿ."

ಮಲ್ಲಾರಿ ಬಂದೇ ಬಂದ. ಮನೆಯ ಕಟ್ಟೆಯ ಮೇಲೆ ಬಸಗೊಂಡ, ಕೆಳಗೆ ಕುಕ್ಕುರುಗಾಲಿನಲ್ಲಿ ನಮ್ಮ ಓಣಿಯ ಹಿರಿಯರು, ಅಂಗಳದ ಅಂಚಿನಲ್ಲಿ ನಾನು.

"ಕೆಲಸಕ್ಕಿಲ್ಲ, ಹಾಸಿಗಿಗಿಲ್ಲ, ಕೂಸಿಗಿಲ್ಲ. ಇಂಥಾ ಗೊಡ್ಡ ಕುರಿ ಕಟಗೊಂಡ ಏನ ಮಾಡ್ಲಿರಿ ಪಾಟೀಲ್ರ? ಅಪ್ಪಣಿ ಕೊಡ್ರಿ, ನಾಗೂಬಾಯಿನ್ನ ತರ್ತೇನಿ."

ಹಿರಿಯರು ಕಿಸಕ್ಕನೆ ನಕ್ಕರು. ನಾನು ಎದ್ದು ನಿಂತೆ.

"ಬಾಯಿ ಮುಚ್ಚ ಭಾಡ್ಯಾ! ಹೊಟ್ಟಿಯೊಳಗ ಬ್ಯಾನಿ ಐತಿ ನನಗ. ಅಕ್ಕಾರನ್ನ ಕೇಳ್ರಿ ಪಾಟೀಲ್ರ, ಅವರಿಗಿ ಗೊತ್ತೈತಿ."

ಬಾಗಿಲ ಮರೆಯಲ್ಲಿ ಗೌರವ್ವ ನಿಂತಿದ್ದಳು. ಬಸಗೊಂಡ ಹೊರಳಿ ನೋಡಿದ.

"ಇಕಿ ಬ್ಯಾನಿ ನಿನಗ ಹೆಂಗ ಗೊತ್ತ? ನಿನಗೂ ಐತೇನ ಅಂಥಾದ್ದು?"

ಗೌರವ್ವ ನನ್ನ ಮುಖ ನೋಡಲಿಲ್ಲ.

"ನನಗ್ಯಾಕ ಇರತೈತ್ರಿ? ಅಂಥಾ ಬ್ಯಾನಿ ನಾ ಕಂಡಿಲ್ಲ, ಕೇಳಿಲ್ಲ. ಮೈಗಳ್ಳಿ ಇಕಿ, ಮೊದ್ಲಿಂದ."

ಹೆದರಿ ಸುಮ್ಮನಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಮೈಗಳ್ಳಿ ಎನ್ನು ಎಂದು ಅವಳಿಗೆ ಯಾರು ಹೇಳಿದ್ದರು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಬಸಗೊಂಡ ಅಲ್ಲಿಯೇ ಅಪ್ಪಣೆ ಕೊಟ್ಟ. ಪಾಟೀಲನ ಕೋಲಿಗೆ ಅಳದವಳು ನಾನು, ಅವತ್ತು ಕುರಿಗಳ ನಡುವೆ ಬಿದ್ದುಕೊಂಡು ಬಾಯಿ ಬಡಿದುಕೊಂಡು ಅತ್ತೆ.

ನಾಗೂಬಾಯಿ ಗುಡಿಸಲಿಗೆ ಬಂದಳು. ಮುಟ್ಟಿನ ಜೋಪಡಿಯೇ ನನಗೆ ಕಾಯಂ ಮನೆಯಾಯಿತು. ಒಂದು ಮಧ್ಯಾಹ್ನ ಗೌರವ್ವ ಮತ್ತೆ ಕರೆದಳು, ಹಿತ್ತಲ ಗೋಡೆ ಹಿಡಿದು ನಿಂತು, ತಾನೇ. ಹೋಗಬಾರದು ಎಂದುಕೊಳ್ಳುತ್ತಲೇ ಹೋದೆ.

ಪಡಸಾಲೆಯಲ್ಲಿ ಮುರಗೂಡದಿಂದ ಬಂದ ನೆಂಟರು, ಊರ ಹಿರಿಯರು ಚಹಾ ಕುಡಿಯುತ್ತಿದ್ದರು. ಒಳಗಿನ ಕೋಣೆಯಲ್ಲಿ ಗೌರವ್ವ ಬಾಯಿಗೆ ಬಟ್ಟೆ ತುರುಕಿಕೊಂಡು ಹೊರಳುತ್ತಿದ್ದಳು. ನಾನು ಸೊಂಟ ಒತ್ತತೊಡಗಿದೆ. ನೋವು ತುಸು ಇಳಿದಾಗ ಬಟ್ಟೆ ತೆಗೆದಳು.

"ತಪ್ಪಾತ ಮಲಕವ್ವ. ಖರೇ ಹೇಳಿದ್ರ ನನ್ನೂ ಹೊರಗ ಹಾಕ್ತಿದ್ರ."

"ನನ್ನ ಹಾಕ್ಯಾರಲ್ರಿ."

ನೋವು ಮತ್ತೆ ಏರಿತು. ಬಟ್ಟೆಯನ್ನು ಬಾಯಿಗೆ ಒಯ್ಯುವಷ್ಟರಲ್ಲಿ ನಾನು ಕಿತ್ತುಕೊಂಡೆ. ಎದ್ದು ಹೋಗಿ ಪಡಸಾಲೆಯ ಕಡೆಗಿನ ಬಾಗಿಲ ಅಗಳಿ ಸರಿಸಿ, ಎರಡೂ ಕದ ತೆರೆದಿಟ್ಟು ಬಂದು ಕೂತೆ.

"ಬ್ಯಾಡ ಮಲಕವ್ವ, ನಿನ್ನ ಕಾಲ ಬೀಳ್ತೇನಿ..."

"ಒದರ್ರಿ ಅಕ್ಕಾರ. ನಾಟಕ ಹೆಂಗಿರತೈತಿ ಅಂತ ಅವರೂ ಕೇಳ್ಲಿ."

ಅವಳು ಹಲ್ಲು ಕಚ್ಚಿದಳು. ತಡೆಯಲಾಗಲಿಲ್ಲ. ಆ ಕೂಗಿಗೆ ಬಸಗೊಂಡನ ಮಾತು ಅರ್ಧಕ್ಕೇ ನಿಂತಿತು. ಹೆಜ್ಜೆ ಸದ್ದು ಬಾಗಿಲ ಕಡೆ ಬಂತು. ನಾನು ಗೌರವ್ವನ ಸೊಂಟ ಒತ್ತುತ್ತಲೇ ಇದ್ದೆ, ಬಾಗಿಲು ಮುಚ್ಚಲು ಏಳಲಿಲ್ಲ.