ಮುಚ್ಚಳ ಬಿಚ್ಚುವ ಪೆಟ್ಟಿಗೆ

ಕಂಪ್ಯೂಟರಿನ ಪರದೆಯ ಮೇಲೆ ಬಸ್ ಕಂಡಕ್ಟರನ ಆರು ಹಲ್ಲುಗಳಲ್ಲಿ ನಾಲ್ಕು ಮೂಡಿ, ಐದನೆಯದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಪರದೆ ಗಕ್ಕನೆ ನಿಂತಿತು. ಹಲ್ಲಕ್ಕ ಮೌಸನ್ನು ಅತ್ತ ಎಳೆದಳು, ಇತ್ತ ಎಳೆದಳು, ಮೇಜಿಗೆ ಕುಕ್ಕಿದಳು. ಬಾಣದ ಗುರುತು ಕದಲಲಿಲ್ಲ. ಪರದೆಯ ಹಿಂದೆ ಅಂಟಿಕೊಂಡಿದ್ದ ಪುಟ್ಟ ಪೆಟ್ಟಿಗೆಯೊಳಗೆ ಫ್ಯಾನು ಮಾತ್ರ ಮಹಡಿ ಹತ್ತಿದ ಮುದುಕಿಯಂತೆ ಏದುಸಿರು ಬಿಡುತ್ತಿತ್ತು. ಆಮೇಲೆ ಅದೂ ನಿಂತು ಪರದೆ ಕಪ್ಪಾಯಿತು.

"ಹಾಳಾಗಿ ಹೋಗು," ಅಂದಳು ಹಲ್ಲಕ್ಕ, ಪೆಟ್ಟಿಗೆಗೆ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಕರೆಯುವವರಿರಲಿಲ್ಲ. ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಮಾಡುವವಳು ಹಲ್ಲಕ್ಕ, ಅಷ್ಟೆ. ಮುಂದಿನ ಕೋಣೆಯಲ್ಲಿ ಡಾಕ್ಟರು ಕೀಳುತ್ತಿದ್ದರು, ಹಿಂದಿನ ಕೋಣೆಯಲ್ಲಿ ಇವಳು ಕಟ್ಟುತ್ತಿದ್ದಳು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಗುರುತು. ಮೊದಲು ಮೇಣದಲ್ಲಿ ಕೆತ್ತುತ್ತಿದ್ದಳು. ದವಡೆಯ ಚಿತ್ರ ತೆಗೆದು ಕಳಿಸುವ ಸ್ಕ್ಯಾನರು ಬಂದ ಮೇಲೆ ಪರದೆಯ ಮೇಲೆ ಕೆತ್ತುವುದನ್ನು ಕಲಿತಳು. ಯಂತ್ರ ಕಂಡರೆ ಮೂಗು ಮುರಿಯುವ ಜಾತಿ ಅವಳದಲ್ಲ. ಹಲ್ಲನ್ನು ತಿರುಗಿಸಿ, ಬುಡದಿಂದ ನೋಡಿ, ಕೂದಲೆಳೆಯಷ್ಟು ತಗ್ಗಿಸಿ, ಮೇಲಿನ ಹಲ್ಲಿಗೆ ಕೆಳಗಿನದನ್ನು ಕಚ್ಚಿಸಿ ನೋಡುವುದರಲ್ಲಿ ಅವಳಿಗೊಂದು ಹಿಗ್ಗಿತ್ತು. ಆ ಹಿಗ್ಗಿಗೇ ಈಗ ಕಲ್ಲು ಬಿದ್ದಿತ್ತು.

ಡಾಕ್ಟರು ವಾರದ ಮೊದಲಲ್ಲೇ ಹೇಳಿಬಿಟ್ಟಿದ್ದರು. "ನೋಡಮ್ಮ, ಕಂಪ್ಯೂಟರ್ ಹೀಗೇ ಕೈಕೊಡ್ತಾ ಇದ್ರೆ ಡಿಸೈನ್ ಕೆಲಸಾನ ಹೊರಗಿನ ದೊಡ್ಡ ಲ್ಯಾಬಿಗೆ ಕೊಟ್ಟುಬಿಡೋಣ. ನೀನು ಆರಾಮಾಗಿ ಪ್ಲಾಸ್ಟರ್ ಕಲಸ್ಕೊಂಡು ಇರು."

ಆರಾಮಾಗಿ! ಆ ಮಾತು ಕೇಳಿದಾಗಿನಿಂದ ಅವಳ ಮೈಯೆಲ್ಲ ಉರಿಯುತ್ತಿತ್ತು. ಕುರ್ಚಿ ಬಿಟ್ಟುಕೊಡಬೇಕಾದವಳು ತಾನಂತೆ, ಪೆಟ್ಟಿಗೆಯನ್ನು ಕೇಳುವವರೇ ಇಲ್ಲ.

ಪೆಟ್ಟಿಗೆಯ ಕಥೆ ಇಷ್ಟು. ಎರಡು ವರ್ಷದ ಹಿಂದೆ ಕಂಪ್ಯೂಟರ್ ತರುವ ಮಾತು ಬಂದಾಗಲೇ ಅವಳು ಬಿಡಿಸಿ ಹೇಳಿದ್ದಳು. ತೀರ ಚಿಕ್ಕದು ಬೇಡ, ಆಳೆತ್ತರದ್ದೂ ಬೇಡ, ನಡುವಿನದೊಂದು ಸಾಕು. ಪಕ್ಕದ ಮುಚ್ಚಳ ಸ್ಕ್ರೂ ತೆಗೆದರೆ ಬಿಚ್ಚಿಕೊಳ್ಳಬೇಕು. ಒಳಗೆ ಮೆಮೊರಿಗೆ ಒಂದೆರಡು ಜಾಗ ಖಾಲಿ ಇರಬೇಕು, ಮುಂದೆ ಗ್ರಾಫಿಕ್ಸ್ ಕಾರ್ಡ್ ಕೂರಿಸಲು ಸ್ಥಳ ಇರಬೇಕು. ಈ ಕೋಣೆಯಲ್ಲಿ ಪ್ಲಾಸ್ಟರಿನ ಪುಡಿ ಗಾಳಿಯಲ್ಲೇ ಹಾರಾಡುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಊದದಿದ್ದರೆ ಯಾವ ಯಂತ್ರವೂ ಉಳಿಯುವುದಿಲ್ಲ. ಇಷ್ಟನ್ನೂ ಡಾಕ್ಟರು ತಲೆಯಾಡಿಸಿ ಕೇಳಿದರು. ಕೇಳಿ, ಖರೀದಿಯನ್ನು ಹೆಂಡತಿಯ ತಮ್ಮನಿಗೆ ವಹಿಸಿದರು.

ಈ ಭಾವಮೈದ ಕ್ಲಿನಿಕ್ಕಿನಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಯಾರೂ ಕೇಳುವಂತಿರಲಿಲ್ಲ. ಕಿಟಕಿಗೆ ಪರದೆ ಆರಿಸುತ್ತಿದ್ದ, ಗೋಡೆಗೆ ಬಣ್ಣ ಆರಿಸುತ್ತಿದ್ದ, ಕಾಯುವವರ ಕೋಣೆಯ ಸೋಫಾ ಆರಿಸಿದ್ದ. ಅವನು ಆರಿಸಿ ತಂದದ್ದು ಈ ಬೆಳ್ಳಿ ಬಣ್ಣದ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಸುತ್ತಮುತ್ತ ಒಂದು ಸ್ಕ್ರೂ ಇಲ್ಲ, ಉಗುರು ತೂರಿಸಲು ಸಂದಿಲ್ಲ. "ಎಷ್ಟು ಮುದ್ದಾಗಿದೆ ನೋಡಕ್ಕ," ಅಂದಿದ್ದ. ಕೆಲಸದ ಸಾಮಾನು ಮುದ್ದು ಮಾಡುವುದಕ್ಕಲ್ಲ ಎಂದು ಹಲ್ಲಕ್ಕ ಹೇಳಿದ್ದನ್ನು ಅವನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಆರೇಳು ತಿಂಗಳಲ್ಲಿ ಸ್ಕ್ಯಾನರು ಹೊಸದಾಯಿತು, ಅದು ಕಳಿಸುವ ಚಿತ್ರಗಳು ಭಾರವಾದವು, ಪೆಟ್ಟಿಗೆ ಏದುಸಿರು ಬಿಡಲು ಶುರುಮಾಡಿತು. ಮೆಮೊರಿ ಹಾಕಿಸೋಣ ಎಂದು ಹಲ್ಲಕ್ಕ ತಾನೇ ಅದನ್ನು ರಿಪೇರಿಯವನಲ್ಲಿಗೆ ಹೊತ್ತುಕೊಂಡು ಹೋದಳು. ಅವನು ಅಡಿಯ ರಬ್ಬರನ್ನು ಕಿತ್ತು, ಹೇಗೋ ಒಳಗೆ ಇಣುಕಿ, ತಲೆ ಅಲ್ಲಾಡಿಸಿದ. "ಎಲ್ಲಾನೂ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದಾರಮ್ಮ. ತೆಗೆಯೋಕೂ ಬರಲ್ಲ, ಸೇರಿಸೋಕೂ ಬರಲ್ಲ." ಅಂದರೆ ಮಾಡಿದವರಿಗೆ ಜಾಗ ಸಾಲದೆ ಅಲ್ಲ, ಬೇಕೆಂದೇ ಬಾಗಿಲು ಹಾಕಿದ್ದಾರೆ. ಹಲ್ಲಕ್ಕನಿಗೆ ಮೈ ಪರಚಿಕೊಳ್ಳುವಂತಾಯಿತು.

ಹಾಗಿರುವಾಗ ಡಾಕ್ಟರು ಒಂದು ದಿನ, "ಆಯ್ತು, ಅಪ್‌ಗ್ರೇಡ್ ಮಾಡಿಸಿಬಿಡೋಣ," ಅಂದಾಗ ಅವಳು ನಿಜಕ್ಕೂ ಕುಣಿದಾಡಿದ್ದಳು. ಅಪ್‌ಗ್ರೇಡ್ ಎಂದರೆ ಅವಳ ಪಾಲಿಗೆ ಇರುವುದಕ್ಕೆ ಸೇರಿಸುವುದು. ಸೇರಿಸಲು ಬರುವಂಥದ್ದನ್ನು ಕೊನೆಗೂ ತರುತ್ತಾರೆ ಎಂದುಕೊಂಡಳು. ಭಾವಮೈದನ ಪಾಲಿಗೆ ಅಪ್‌ಗ್ರೇಡ್ ಎಂದರೆ ಅದೇ ಪೆಟ್ಟಿಗೆಯ ಈ ವರ್ಷದ ತಮ್ಮ. ನಿನ್ನೆ ಸಂಜೆ ತಂದು ಮೇಜಿನ ಮೇಲಿಟ್ಟಿದ್ದ. ಹಳೆಯದಕ್ಕಿಂತ ಚಿಕ್ಕದು, ತೆಳ್ಳಗಿನದು, ಮೆಮೊರಿ ಮಾತ್ರ ಹಳೆಯದರಷ್ಟೇ. ಸಂದು ಇದರಲ್ಲೂ ಇಲ್ಲ.

"ಏನಪ್ಪಾ ಇದು?" ಎಂದು ಕೇಳಿದ್ದಳು.

"ಅಪ್‌ಗ್ರೇಡ್ ಅಕ್ಕಾ. ಲೇಟೆಸ್ಟು."

ಹಲ್ಲಕ್ಕ ಹಲ್ಲು ಕಚ್ಚಿಕೊಂಡಿದ್ದಳು. ಕಚ್ಚಿಕೊಂಡರೆ ಸವೆಯುತ್ತವೆ ಎಂದು ಬೇರೆಯವರಿಗೆ ಹೇಳುವವಳು ತಾನೇ ಎಂಬುದು ನೆನಪಾಗಿ ಇನ್ನಷ್ಟು ಸಿಟ್ಟು ಬಂದಿತ್ತು. ಹೊಸ ಪೆಟ್ಟಿಗೆಯ ಪ್ಯಾಕನ್ನು ಮಾತ್ರ ಒಡೆಯಲು ಬಿಟ್ಟಿರಲಿಲ್ಲ.

ಈಗ ಕಪ್ಪು ಪರದೆಯ ಮುಂದೆ ಕೂತಿದ್ದಾಗಲೇ ಕಂಡಕ್ಟರು ಬಾಗಿಲಲ್ಲಿ ಕಾಣಿಸಿಕೊಂಡ. ಬಾಯಿಗೆ ಕರವಸ್ತ್ರ. ಬ್ರೇಕು ಹಾಕಿದಾಗ ಕಂಬಿಗೆ ಬಡಿದು ಮುಂದಿನ ಸಾಲು ಹೋಗಿತ್ತು. ಹಲ್ಲಿಲ್ಲದೆ ಸೀಟಿ ಊದಿದರೆ ಗಾಳಿ ಮಾತ್ರ ಬರುತ್ತದೆಂದು ಡಿಪೋದವರು ಅವನನ್ನು ಬಸ್ಸಿನಿಂದ ಇಳಿಸಿ ಕಚೇರಿಯಲ್ಲಿ ಕೂರಿಸಿದ್ದರು. ಬಸ್ಸಿನ ತುಂಬ ಜನರ ಜೊತೆ ಬಾಯಿ ಜಗಳ ಆಡಿಕೊಂಡು ಬದುಕಿದವನು, ಈಗ ಮಾತಾಡಲು ನಾಚಿ ಕಣ್ಣಲ್ಲೇ ಕೇಳುತ್ತಿದ್ದ.

"ಬಾರಪ್ಪಾ, ಕೂತ್ಕೋ," ಅಂದಳು ಹಲ್ಲಕ್ಕ. "ಇದನ್ನ ನಂಬ್ಕೊಂಡ್ರೆ ನೀನು ಬರೀ ಗಂಜಿ ಕುಡ್ಕೊಂಡೇ ಇರ್ಬೇಕಾಗುತ್ತೆ."

ಸ್ಪಿರಿಟ್ ದೀಪ ಹಚ್ಚಿದಳು. ಕಪಾಟಿನಿಂದ ಅವನ ದವಡೆಯ ಅಚ್ಚು ಇಳಿಸಿ, ಮೇಣದ ಚಾಕು ಕಾಯಿಸಿ, ಆರು ಹಲ್ಲುಗಳನ್ನೂ ಕೈಯಲ್ಲೇ ಕಟ್ಟಿದಳು. ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಡೀ ದಿನ ಹಿಡಿಯಿತು, ಕುತ್ತಿಗೆ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಗಟ್ಟಿ ಹಲ್ಲಲ್ಲ, ಮೇಣದಿಂದ ಅಚ್ಚು ತೆಗೆದು ಪ್ಲಾಸ್ಟಿಕ್ಕಿನಲ್ಲಿ ಎರೆದ ತಾತ್ಕಾಲಿಕದ್ದು. ಆದರೂ ಸಂಜೆ ಡಾಕ್ಟರು ಕೂರಿಸಿದಾಗ ಒಂದಿಷ್ಟೂ ಅಲುಗಲಿಲ್ಲ. ಕಂಡಕ್ಟರು ಕನ್ನಡಿ ನೋಡಿದ, ಜೇಬಿನಿಂದ ಸೀಟಿ ತೆಗೆದ, ಯಾರೂ ಬೇಡ ಅನ್ನುವ ಮೊದಲೇ ಊದಿಬಿಟ್ಟ. ಕಾಯುವವರ ಕೋಣೆಯಲ್ಲಿ ಒಬ್ಬರು ಎದ್ದೇ ನಿಂತರು.

ಹಲ್ಲಕ್ಕನಿಗೆ ಸಂತೋಷವಾಯಿತು. ಡಾಕ್ಟರು ಬಾಯಿ ತೆರೆಯುವ ತನಕ ಇತ್ತು ಅದು.

"ನೋಡಿದ್ಯಾ!" ಅಂದರು ಡಾಕ್ಟರು, ಮುಖವೆಲ್ಲ ಅರಳಿಸಿಕೊಂಡು. "ಕೈಯಲ್ಲೇ ಇಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ ಕಂಪ್ಯೂಟರಿಗೆ ಯಾಕೆ ತಲೆ ಕೆಡಿಸ್ಕೋಬೇಕು? ಗಟ್ಟಿ ಹಲ್ಲಿನ ಡಿಸೈನು ಹೊರಗಡೆ ಲ್ಯಾಬಿಗೆ ಹೋಗ್ಲಿ, ಟೆಂಪರರಿ ಎಲ್ಲಾ ನಿನ್ನ ಕೈಯಲ್ಲಿ. ನಾಳೆನೇ ಅವರಿಗೆ ಫೋನ್ ಮಾಡ್ತೀನಿ."

ಭಾವಮೈದ ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಹಲ್ಲಕ್ಕ ಇಬ್ಬರನ್ನೂ ನೋಡಿದಳು. ತನ್ನ ಕೆಲಸ ಉಳಿಸಿಕೊಳ್ಳಲು ಸೊಂಟ ಮುರಿದುಕೊಂಡು ಮಾಡಿದ್ದೇ ತನ್ನ ಕೆಲಸಕ್ಕೆ ಕುತ್ತಾಯಿತಲ್ಲ! ಅವಳಿಗೆ ಕೋಪ ನೆತ್ತಿಗೇರಿತು.

"ನಾಳೆ ನನಗೆ ಅರ್ಧ ದಿನ ರಜಾ ಬೇಕು ಡಾಕ್ಟ್ರೇ. ನಾನು ಬರೋ ತನಕ ಯಾರಿಗೂ ಫೋನ್ ಮಾಡ್ಬೇಡಿ," ಅಂದಳು. ಪ್ಯಾಕು ಒಡೆಯದ ಹೊಸ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೊರಟಳು.

ಮರುದಿನ ಬಾಗಿಲು ತೆರೆಯುವ ಹೊತ್ತಿಗೆ, ಭಾವಮೈದ ಪೆಟ್ಟಿಗೆ ಕೊಂಡಿದ್ದ ಅಂಗಡಿಯ ಮುಂದಿದ್ದಳು. ಗಾಜಿನ ಬಾಗಿಲು, ಬಿಳಿ ಮೇಜುಗಳು, ಒಂದೊಂದು ಮೇಜಿಗೂ ಒಂದೇ ಒಂದು ಕಂಪ್ಯೂಟರು, ಮೇಲಿನಿಂದ ದೀಪ. ಸೇಲ್ಸ್‌ಮನ್ ನಗುಮುಖದವನು. ಅವಳು ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟಳು.

"ಇದನ್ನ ವಾಪಸ್ ತಗೊಂಡು, ಮುಚ್ಚಳ ಬಿಚ್ಚೋಕೆ ಬರೋ ಅಂಥದ್ದು ಕೊಡಿ."

"ಮುಚ್ಚಳ ಯಾಕೆ ಬಿಚ್ಚಬೇಕು ಮೇಡಂ?"

"ಧೂಳು ಊದ್ಬೇಕು. ಕಮ್ಮಿ ಬಿದ್ರೆ ಮೆಮೊರಿ ಹಾಕ್ಬೇಕು. ನಾಳೆ ಗ್ರಾಫಿಕ್ಸ್ ಕಾರ್ಡ್ ಬೇಕಾದ್ರೆ ಕೂರಿಸ್ಬೇಕು."

"ಈಗ ಯಾರೂ ಹಾಗೆಲ್ಲ ಮಾಡಲ್ಲ. ಕಮ್ಮಿ ಬಿದ್ರೆ ಅಪ್‌ಗ್ರೇಡ್ ಮಾಡ್ಕೋತಾರೆ."

"ಅಪ್‌ಗ್ರೇಡ್ ಅಂದ್ರೆ?"

"ಹೊಸದು ತಗೋಳೋದು ಮೇಡಂ."

ಇಲ್ಲೂ ಅದೇ ರಾಗ. ಹಲ್ಲಕ್ಕ ಉಸಿರು ಎಳೆದುಕೊಂಡಳು. "ಅಲ್ಲಪ್ಪಾ, ನಿಮಗೆ ಒಂದು ಹಲ್ಲು ಹುಳುಕಾಗಿದೆ ಅಂತ ಇಟ್ಕೊಳ್ಳಿ. ನಮ್ಮ ಕ್ಲಿನಿಕ್ಕಿಗೆ ಬಂದ್ರಿ. ಹಲ್ಲು ತುಂಬೋಕೆ ಬರಲ್ಲ, ದವಡೆನೇ ಕಿತ್ತು ಹೊಸ ದವಡೆ ಹಾಕ್ತೀವಿ ಅಂದ್ರೆ ನೀವು ಬಾಯಿ ತೆರೀತೀರಾ?"

ಸೇಲ್ಸ್‌ಮನ್ ತನಗೇ ಗೊತ್ತಿಲ್ಲದೆ ಬಾಯಿ ಮುಚ್ಚಿಕೊಂಡ. ಆಮೇಲೆ ಅವಳನ್ನು ಅಂಗಡಿಯ ಕೊನೆಗೆ ಕರೆದೊಯ್ದು ಒಂದು ದೈತ್ಯ ಪೆಟ್ಟಿಗೆಯನ್ನು ತೋರಿಸಿದ. ಅವಳ ಸೊಂಟದೆತ್ತರ, ಹಿಡಿಯಲು ಎರಡು ಹಿಡಿಕೆ. "ಬಿಚ್ಚೋ ಅಂಥದ್ದು ಅಂದ್ರೆ ಇದೊಂದೇ. ಸಿನಿಮಾ ಮಾಡೋರು ತಗೋತಾರೆ." ಅದರ ಬೆಲೆ ತೆರಲು ಡಾಕ್ಟರು ರೋಗಿಗಳ ಕುರ್ಚಿಯನ್ನೂ ಮಾರಬೇಕಿತ್ತು.

"ಇವೆರಡರ ನಡುವಿಂದು?"

"ನಡುವಿಂದಕ್ಕೆ ಡಿಮ್ಯಾಂಡ್ ಇಲ್ಲ ಮೇಡಂ."

"ಇಟ್ರೆ ತಾನೆ ಡಿಮ್ಯಾಂಡು? ಇಲ್ಲಿ ನಾನು ನಿಂತ್ಕೊಂಡು ಕೇಳ್ತಿರೋದೇನು, ಹಾಡಾ?"

"ನಿಮ್ಮಂಥವರು ಕಮ್ಮಿ ಮೇಡಂ," ಅಂದ ಅವನು, ಹೊಗಳಿಕೆಯೋ ಸಮಾಧಾನವೋ ಗೊತ್ತಾಗದ ಧ್ವನಿಯಲ್ಲಿ. ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಚಿಕ್ಕದರಲ್ಲಿ ಹಿಡಿಸದ, ದೊಡ್ಡದು ಬೇಡದ ಕೆಲಸ ಮಾಡುವವರು ಲೋಕದಲ್ಲಿ ಎಷ್ಟಿಲ್ಲ? ನಕ್ಷೆ ಬರೆಯುವವರು, ಪುಸ್ತಕ ಜೋಡಿಸುವವರು, ಫೋಟೋ ತಿದ್ದುವವರು. ಅವರನ್ನೆಲ್ಲ ಯಾರು ಎಣಿಸಿ ಕಮ್ಮಿ ಅಂದದ್ದು?

"ಸರಿ. ಇದನ್ನ ವಾಪಸ್ ತಗೊಳ್ಳಿ, ಚೀಟಿ ಕೊಡಿ," ಅಂದಳು.

ಅವನು ಬಿಲ್ಲಿನ ಮೇಜಿನ ಹಿಂದೆ ಹೋದ. ಹಲ್ಲಕ್ಕ ಮೇಜಿಗೆ ಒರಗಿ ನಿಂತಳು. ಕಾಲ ಬಳಿ ಸಣ್ಣಗೆ ಫ್ಯಾನಿನ ಸದ್ದು ಕೇಳಿ ಬಗ್ಗಿ ನೋಡಿದಳು. ಮೇಜಿನಡಿ ಮೊಣಕಾಲೆತ್ತರದ ಒಂದು ಕರಿ ಪೆಟ್ಟಿಗೆ. ಪಕ್ಕದ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಒಳಗೆ ಬೇರೆ ಬೇರೆ ಬಣ್ಣದ ಮೂರು ಮೆಮೊರಿ ಪಟ್ಟಿಗಳು, ಒಂದು ಜಾಗ ಇನ್ನೂ ಖಾಲಿ, ಎರಡು ಡಿಸ್ಕು. ಧೂಳಿನ ಕಣವಿಲ್ಲ.

"ಇದ್ಯಾವುದು?"

"ಅದು ನಮ್ದು ಮೇಡಂ. ನಾನು ಸೇರೋಕೆ ಮುಂಚಿಂದ ಇದೆ. ಆಗಾಗ ಏನಾದ್ರೂ ಹಾಕಿಸ್ತಾ ಇರ್ತೀವಿ. ಇಡೀ ಅಂಗಡಿ ಲೆಕ್ಕ ಅದರಲ್ಲೇ ನಡೆಯೋದು."

"ಇಂಥದ್ದೇ ಕೊಡಿ ನಂಗೆ."

ಸೇಲ್ಸ್‌ಮನ್ ನಕ್ಕ. "ಅದು ಮಾರೋಕಲ್ಲ ಮೇಡಂ. ಅದು ಕೆಲಸಕ್ಕೆ."

ಹೇಳಿದವನಿಗೆ ತಾನೇನು ಹೇಳಿದೆ ಎಂಬುದೇ ಗೊತ್ತಾಗಲಿಲ್ಲ. ಪ್ರಿಂಟರಿನಿಂದ ಚೀಟಿ ಹರಿಯುತ್ತ ನಿಂತಿದ್ದ. ಹಲ್ಲಕ್ಕ ಕೂಗಾಡಬಹುದಿತ್ತು, ಬಾಯಿ ತುಂಬ ಮಾತಿತ್ತು. ಆದರೆ ಅವಳು ಫೋನ್ ತೆಗೆದು ಡಾಕ್ಟರಿಗೆ ಕರೆ ಮಾಡಿದಳು, ಅವರು ಎತ್ತಿದ ಕೂಡಲೇ ಫೋನನ್ನು ಸೇಲ್ಸ್‌ಮನ್ನನ ಕೈಗೆ ಕೊಟ್ಟಳು.

"ನಮ್ಮ ಡಾಕ್ಟ್ರು. ಈಗ ನಂಗೆ ಹೇಳಿದ್ರಲ್ಲ, ಅದನ್ನೇ ಹೇಳಿ. ಒಂದಕ್ಷರ ಬಿಡ್ಬೇಡಿ."

ಅವನು ಕಕ್ಕಾಬಿಕ್ಕಿಯಾದ. ಆದರೂ ವಿನಯದಿಂದ ಹೇಳಿದ. "ನಮಸ್ಕಾರ ಸಾರ್. ಅಲ್ಲ ಸಾರ್, ಚಿಕ್ಕವು ಮಾರೋದು. ಮೇಡಂ ಕೇಳ್ತಿರೋದು ನಮ್ಮ ಬಿಲ್ಲಿಂಗ್ ಟೇಬಲ್ಲಿಂದು. ಅದು ಮಾರೋಕಲ್ಲ, ಕೆಲಸಕ್ಕೆ. ಹೌದು ಸಾರ್, ಬಿಚ್ಚಬಹುದು. ಹಾಂ, ಸೇರಿಸಬಹುದು. ಇಲ್ಲ ಸಾರ್, ಚಿಕ್ಕದರಲ್ಲಿ ನಾವು ಕೆಲಸ ಮಾಡಲ್ಲ, ತಡೆಯಲ್ಲ ಅದು. ಹಿಂದಿನ ಬೀದಿಯ ಅಂಗಡಿಯೋರು ಬಿಡಿಭಾಗ ತಂದು ಜೋಡಿಸಿ ಕೊಟ್ಟಿದ್ದು." ಆಮೇಲೆ ಫೋನನ್ನು ಅವಳಿಗೆ ವಾಪಸು ಕೊಟ್ಟ.

ಆ ಕಡೆ ಯಾರದೋ ಹಲ್ಲು ಕೊರೆಯುವ ಯಂತ್ರದ ಸದ್ದು ನಿಂತಿತು.

"ಅಲ್ಲಮ್ಮಾ," ಅಂದರು ಡಾಕ್ಟರು, "ವಿಷಯ ಇಷ್ಟೇನಾ? ಹಾಗಾದ್ರೆ ಹಿಂದಿನ ಬೀದಿಯೋರ ಹತ್ರಾನೇ ಒಂದು ಮಾಡಿಸಿಬಿಡು. ಹೊರಗಿನ ಲ್ಯಾಬಿನ ಮಾತು ಬಿಡು. ನೋಡು, ಆ ಮನುಷ್ಯ ಎಷ್ಟು ಸಮಾಧಾನವಾಗಿ ಹೇಳ್ದ, ಒಂದೇ ನಿಮಿಷದಲ್ಲಿ ಅರ್ಥ ಆಯ್ತು. ನೀನು ಮೊದಲೇ ಹೀಗೆ ಹೇಳಬಾರದಿತ್ತಾ?"

ಕುರ್ಚಿ ಉಳಿದಿತ್ತು, ಯಂತ್ರವೂ ಬರುವುದಿತ್ತು. ಹಲ್ಲಕ್ಕ ಹಿಗ್ಗಬೇಕಿತ್ತು. ಆದರೆ ಎರಡು ವರ್ಷ ಅದೇ ಮಾತನ್ನು ಹೇಳಿದ ಬಾಯಿ ಅವಳದು. ಡಾಕ್ಟರಿಗೆ ಕೇಳಿಸಿದ್ದು ಮಾತ್ರ, ಅವರು ಮುಖ ಕೂಡ ನೋಡದ ಯಾವನೋ ಅಂಗಡಿಯವನ ಬಾಯಿಂದ.

"ಹೇಳಿದ್ದೆ ಡಾಕ್ಟ್ರೇ," ಅಂದಳು. "ಸಮಾಧಾನವಾಗೇ ಹೇಳಿದ್ದೆ. ಪೆಟ್ಟಿಗೆ ತರೋಕೆ ಮುಂಚೆ, ತಂದ ಮೇಲೆ, ಅದು ಮೊದಲ್ನೇ ಸಲ ನಿಂತ ದಿನ. ಆಗ ನೀವು ತಲೆಯಾಡಿಸಿದ್ರಿ. ಕೋಪ ಬಂದಿದ್ದು ಅದೆಲ್ಲ ಆದ್ಮೇಲೆ."

ಸೇಲ್ಸ್‌ಮನ್ ಚಾಚಿದ ಚೀಟಿಯನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡಳು.

"ಇನ್ಮುಂದೆ ನನ್ನ ಕೋಣೆಗೆ ಬರೋ ಸಾಮಾನನ್ನ ನಾನೇ ಆರಿಸ್ತೀನಿ," ಅಂದಳು ಹಲ್ಲಕ್ಕ. ಅದನ್ನು ಅವಳು ಅಪ್ಪಣೆ ಕೇಳುವ ಧ್ವನಿಯಲ್ಲಿ ಹೇಳಲಿಲ್ಲ.