ಹನ್ನೆರಡು ದೀಪದ ಟಾರ್ಚು

ನರಿನ್ ಪೇಟೆಯಲ್ಲಿ ಕುರಿಗಾಹಿಗಳಿಗೆ ಟಾರ್ಚು ಮಾಡಿಕೊಡುತ್ತಿದ್ದ ಇಮಾಂಕುಲನ ಅಂಗಡಿಗೆ ಬುರುಲ್ಚಾ ಬಂದಾಗ, ಅವಳ ಗಂಡ ತೊಕ್ತೊರ್ ಹಿಮದಲ್ಲಿ ದಾರಿ ತಪ್ಪಿ ಸತ್ತು ಒಂಬತ್ತು ದಿನವಾಗಿತ್ತು. ಹೆಣದ ಕೈಯಲ್ಲಿದ್ದ ಟಾರ್ಚನ್ನು ಅವಳು ಮೇಜಿನ ಮೇಲಿಟ್ಟಳು. ಹನ್ನೆರಡು ಎಲ್‌ಇಡಿ ಹಾಕಿ ಇಮಾಂಕುಲನೇ ಹೆಮ್ಮೆಯಿಂದ ಮಾಡಿದ್ದ ಟಾರ್ಚು ಅದು. ಗುಂಡಿ ಒತ್ತಿದರೆ, ಒಲೆ ಉರಿಯುತ್ತಿದ್ದ ಆ ಬೆಚ್ಚನೆಯ ಕೋಣೆಯಲ್ಲಿ ಕಣ್ಣು ಕೋರೈಸುವಂತೆ ಹೊತ್ತಿಕೊಂಡಿತು.

"ಅರ್ಧ ದಾರೀಲಿ ಬೆಳಕು ಆರಿದ್ದನ್ನ ಆಚೆ ಗುಡ್ಡದವರು ನೋಡಿದ್ರಂತೆ. ಈಗ ಹೆಂಗಣ್ಣಾ ಉರೀತಿದೆ?"

ಇಮಾಂಕುಲನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬ್ಯಾಟರಿ ಮುಗಿದಿರ್ಲಿಲ್ಲಮ್ಮಾ, ಚಳಿಗೆ ಸೋತಿತ್ತು. ಹನ್ನೆರಡು ದೀಪ ಒಟ್ಟಿಗೆ ಕರೆಂಟು ಎಳೆದ್ರೆ ಆ ಚಳೀಲಿ ಅದು ತಡ್ಕೊಳಲ್ಲ. ಮೂರೇ ಹಾಕಿದ್ರೆ ಉರೀತಿತ್ತು. ತಪ್ಪು ನಂದು."

ಅವಳು ಟಾರ್ಚನ್ನು ಅವನ ಕಡೆಗೆ ಸರಿಸಿದಳು. "ನಾಳೆಯಿಂದ ಕುರಿ ಹಿಂದೆ ನಾನೇ ಹೋಗ್ಬೇಕು. ಮೂರರದ್ದು ಮಾಡ್ಕೊಡಿ."

ಅವನು ಸಂಜೆಯವರೆಗೆ ಕೂತು ಮಾಡಿದ. ಬ್ಯಾಟರಿ ಕೋಟಿನೊಳಗೆ ಮೈಬಿಸಿಗೆ ಬೆಚ್ಚಗಿರಲೆಂದು ಉದ್ದ ತಂತಿ ಜೋಡಿಸಿದ. ಅವಳು ಅವನ ಮುಖ ನೋಡದೆ ತೆಗೆದುಕೊಂಡು ಹೋದಳು.

ಹನ್ನೆರಡರ ಟಾರ್ಚುಗಳು ಇನ್ನೂ ಏಳು ಮನೆಗಳಲ್ಲಿದ್ದವು. ಮರುದಿನ ಇಮಾಂಕುಲ ಅಂಗಡಿಗೆ ಬೀಗ ಹಾಕಿ, ಅವನ್ನು ವಾಪಸು ಕೇಳಲು ಹೊರಟ.