ಎಡಗೆರೆಯ ಲೆಕ್ಕ

ಗ್ಯಾರೆಟ್ ಹುಡಾಕ್‌ಗೆ ಆಟದ ಮೇಲಿನ ಪ್ರೀತಿ ಹೋಗಿ ಬಹಳ ವರ್ಷಗಳಾಗಿದ್ದವು. ಉಳಿದದ್ದು ಅಂಕಿಗಳ ಚಟ. ಯಂಗ್ಸ್‌ಟೌನಿನ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಎರಡು ಪರದೆಗಳನ್ನಿಟ್ಟುಕೊಂಡು, ಬಾಜಿ ಕಟ್ಟುವವರಿಗಾಗಿ ಪ್ರತಿ ಗುರುವಾರ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮುನ್ನೋಟ ಬರೆಯುವುದು ಅವನ ಉದ್ಯೋಗ. ಯಾವ ತಂಡ ಮಳೆಯಲ್ಲಿ ಚೆಂಡು ಕೈಬಿಡುತ್ತದೆ, ಯಾವ ತರಬೇತುದಾರ ಕೊನೆಯ ಐದು ನಿಮಿಷಗಳಲ್ಲಿ ಹೆದರುತ್ತಾನೆ, ಯಾರು ತಮ್ಮೂರಿನಲ್ಲಿ ಹುಲಿ, ಪರವೂರಿನಲ್ಲಿ ಇಲಿ, ಎಲ್ಲವೂ ಅವನಿಗೆ ಬಾಯಿಪಾಠ. ಬರಹದ ಮೇಲೆ ಹೆಸರು ಮಾತ್ರ ಅವನದಲ್ಲ. ಜಾಲತಾಣದವರು ಕೊಟ್ಟಿದ್ದ ಗ್ಲೆನ್ ಹಾರ್ಟ್‌ವೆಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಅದೂ ಒಳ್ಳೆಯದೇ ಆಗಿತ್ತು. ಹುಡಾಕ್ ಎಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಅವನ ತಮ್ಮ ನೋಲನ್‌ನೇ ನೆನಪಾಗುತ್ತಿದ್ದ.

ನೋಲನ್ ಆ್ಯಕ್ರನ್ ತಂಡದ ಕಿಕ್ಕರ್. ಇಡೀ ಪಂದ್ಯದಲ್ಲಿ ಅವನು ಮೈದಾನಕ್ಕಿಳಿಯುವುದು ಏಳೆಂಟು ಸಲ, ಅದೂ ಕ್ಷಣಮಾತ್ರಕ್ಕೆ. ಉಳಿದವರು ಮೂರು ಗಂಟೆ ಮೈಕೈ ಮುರಿದುಕೊಂಡು ಚೆಂಡನ್ನು ಅಷ್ಟು ದೂರ ತಂದು ನಿಲ್ಲಿಸಿದ ಮೇಲೆ, ಅದನ್ನು ಒದ್ದು ಎರಡು ಕಂಬಗಳ ನಡುವೆ ಹಾಯಿಸಿ ಮೂರು ಅಂಕ ತರಬೇಕಾದವನು ಅವನು. ಹಾಯಿಸಿದರೆ ಯಾರೂ ಬೆನ್ನು ತಟ್ಟುವುದಿಲ್ಲ, ಸಂಬಳ ತಗೊಳ್ಳೋದು ಅದಕ್ಕೇ ತಾನೆ ಎನ್ನುತ್ತಾರೆ. ತಪ್ಪಿದರೆ ಊರಿಗೆ ಊರೇ ಅವನ ತಾಯಿಯ ಹೆಸರೆತ್ತುತ್ತದೆ.

ನವೆಂಬರಿನ ಒಂದು ಮಂಗಳವಾರ, ತಂಡಕ್ಕೆ ರಜೆಯ ದಿನ, ನೋಲನ್ ಅಣ್ಣನ ಮನೆಗೆ ಬಂದ. ಮೆಟ್ಟಿಲು ಹತ್ತುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದುದು ಗ್ಯಾರೆಟ್‌ನ ಕಣ್ಣಿಗೆ ಬಿತ್ತು.

"ಏನಾಯ್ತೋ ಕಾಲಿಗೆ?"

"ಕಾಲಲ್ಲ, ತೊಡೆಸಂದು." ನೋಲನ್ ಕುರ್ಚಿಯ ಮೇಲೆ ಹುಷಾರಾಗಿ ಕುಳಿತ. "ಯಾರ ಹತ್ರನೂ ಬಾಯ್ಬಿಡಬೇಡ ಗ್ಯಾರಿ. ಹೆಂಡ್ತಿಗೂ ಹೇಳಿಲ್ಲ ನಾನು. ಚೆಂಡು ಬಲಗೆರೆ ಮೇಲಿದ್ರೆ ಏನೂ ತೊಂದ್ರೆ ಇಲ್ಲ. ಎಡಗೆರೆ ಮೇಲಿಟ್ರೆ ಮಾತ್ರ ಸೊಂಟ ಪೂರ್ತಿ ತಿರುಗಿಸ್ಬೇಕಲ್ಲ, ಆಗ ಒಳಗಡೆ ಯಾರೋ ಚಾಕು ಹಾಕಿ ತಿರುವಿದಂಗಾಗುತ್ತೆ."

ಮೈದಾನದ ಉದ್ದಕ್ಕೂ ಎರಡು ಸಾಲು ಸಣ್ಣ ಗೆರೆಗಳಿರುತ್ತವೆ. ಹಿಂದಿನ ಆಟ ಯಾವ ಬದಿಗೆ ಮುಗಿಯಿತೋ ಆ ಬದಿಯ ಗೆರೆಯ ಮೇಲೆ ಚೆಂಡಿಡುತ್ತಾರೆ. ಎಡವೋ ಬಲವೋ ಎಂಬುದು ಕಿಕ್ಕರನ ಕೈಯಲ್ಲಿಲ್ಲ.

"ಡಾಕ್ಟರಿಗೆ ತೋರಿಸು ಮತ್ತೆ."

"ತಂಡದ ಡಾಕ್ಟರಿಗಾ? ಬೆಳಿಗ್ಗೆ ತೋರಿಸಿದ್ರೆ ಸಾಯಂಕಾಲಕ್ಕೆ ನನ್ನ ಬೀರುವಿಗೆ ಇನ್ನೊಬ್ಬನ ಹೆಸರು ಅಂಟಿಸ್ತಾರೆ. ಈ ವರ್ಷಕ್ಕೆ ಒಪ್ಪಂದ ಮುಗಿಯುತ್ತೆ. ಇನ್ನು ಏಳು ಪಂದ್ಯ, ಹಲ್ಲು ಕಚ್ಚಿಕೊಂಡು ದಾಟಿಬಿಟ್ರೆ ಮೂರು ವರ್ಷಕ್ಕೆ ಹೊಸ ಒಪ್ಪಂದ. ಆಮೇಲೆ ಕೊಯ್ಸಿಕೊಂಡ್ರಾಯ್ತು."

"ಸರಿ ಬಿಡು. ನಾನ್ಯಾರಿಗೆ ಹೇಳ್ಲಿ?"

"ನಿನ್ಹತ್ರ ಹೇಳಿ ಅರ್ಧ ನೋವು ಹೋಯ್ತು ನೋಡು," ಎಂದು ನೋಲನ್ ನಕ್ಕ. ಫ್ರಿಜ್ಜಿನಲ್ಲಿದ್ದ ತಣ್ಣನೆಯ ಪಿರೋಗಿ ಕಡುಬುಗಳನ್ನು ನಿಂತಲ್ಲೇ ಮುಗಿಸಿ ಹೊರಟುಹೋದ.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಗ್ಯಾರೆಟ್ ಕಿಟಕಿಯಲ್ಲಿ ನಿಂತಿದ್ದ. ಆಮೇಲೆ ಬಂದು ಪರದೆಯ ಮುಂದೆ ಕುಳಿತ. ಸುಮ್ಮನೆ ನೋಡೋಣ ಎಂದುಕೊಂಡ. ಕಳೆದ ಐದು ವಾರಗಳ ಒದೆತಗಳನ್ನೆಲ್ಲ ಹೊರತೆಗೆದು ಎಡ, ಬಲ ಎಂದು ವಿಂಗಡಿಸಿದ. ನಲವತ್ತು ಗಜಕ್ಕಿಂತ ದೂರದಿಂದ, ಬಲಗೆರೆಯಲ್ಲಿ ಏಳಕ್ಕೆ ಏಳು. ಎಡಗೆರೆಯಲ್ಲಿ ಆರಕ್ಕೆ ಒಂದು.

ಅವನ ಬೆನ್ನುಹುರಿಯಲ್ಲಿ ಸಣ್ಣಗೆ ಏನೋ ಹರಿಯಿತು. ಹೆದರಿಕೆಯಲ್ಲ, ಖುಷಿ. ಇಡೀ ದೇಶದಲ್ಲಿ ಬಾಜಿಯ ಲೆಕ್ಕ ಬರೆಯುವ ಸಾವಿರ ಜನರಲ್ಲಿ ಒಬ್ಬನೂ ಇದನ್ನು ಕಂಡಿರಲಿಲ್ಲ. ಕಾಣುವುದಕ್ಕೆ ಕಾರಣವೂ ಇರಲಿಲ್ಲ, ಹತ್ತಿರದ ಒದೆತಗಳನ್ನೂ ಸೇರಿಸಿ ಒಟ್ಟು ಲೆಕ್ಕ ನೋಡಿದರೆ ನೋಲನ್ ಹುಡಾಕ್ ಹೆಚ್ಚುಕಡಿಮೆ ಎಂದಿನಂತೆಯೇ ಇದ್ದ.

ಎರಡು ದಿನ ಅವನು ತನಗೆ ತಾನೇ ವಾದ ಮಾಡಿಕೊಂಡ. ನೋವಿನ ಸುದ್ದಿ ಗುಟ್ಟು, ಅದನ್ನು ನಾನು ಬರೆಯುವುದಿಲ್ಲ. ಒದೆತದ ಲೆಕ್ಕ ಗುಟ್ಟಲ್ಲ, ಎಲ್ಲರ ಕಣ್ಣೆದುರೇ ಬಿದ್ದಿದೆ. ಬಿದ್ದದ್ದನ್ನು ಹೆಕ್ಕಿದರೆ ಕಳ್ಳತನವೇ? ವಾದದಲ್ಲಿ ಅವನೇ ಗೆದ್ದ. ಗುರುವಾರ ಬೆಳಿಗ್ಗೆ ಮುನ್ನೋಟ ಹೋಯಿತು.

"ಭಾನುವಾರ ಆ್ಯಕ್ರನ್‌ನಲ್ಲಿ ಲೂಯಿವಿಲ್ ತಂಡದೆದುರು ಪಂದ್ಯ. ಆ್ಯಕ್ರನ್ ನಾಲ್ಕು ಅಂಕಗಳಿಂದ ಗೆಲ್ಲುತ್ತದೆಂದು ಬಾಜಿ ಮಳಿಗೆಗಳ ಅಂದಾಜು. ಈ ಅಂದಾಜು ತಪ್ಪು. ಈ ಎರಡು ತಂಡಗಳ ನಡುವಿನ ಕಳೆದ ಎಂಟು ಪಂದ್ಯಗಳಲ್ಲಿ ಐದು, ಮೂರು ಅಂಕ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಮುಗಿದಿವೆ. ಅಂದರೆ ಈ ಪಂದ್ಯ ಕೊನೆಗೆ ಆ್ಯಕ್ರನ್ ಕಿಕ್ಕರನ ಕಾಲಿಗೆ ಬರುತ್ತದೆ. ಆ ಕಾಲು ಎಡಗೆರೆಯಿಂದ ಆರಕ್ಕೆ ಒಂದು. ಲೂಯಿವಿಲ್ ಇದನ್ನು ಓದಿದರೆ ಕೊನೆಯ ನಿಮಿಷಗಳಲ್ಲಿ ಆಟವನ್ನೆಲ್ಲ ಎಡಕ್ಕೆ ತಳ್ಳುತ್ತದೆ. ಲೂಯಿವಿಲ್ ಮೇಲೆ ಕಟ್ಟಿ."

ಅವನ ಸಂಪಾದಕಿ ಮೋನಾ ಟ್ರೆಡ್‌ವೆಲ್ ಓದಿ ಹತ್ತೇ ನಿಮಿಷಕ್ಕೆ ಫೋನ್ ಮಾಡಿದಳು. "ಇದು ನಿನ್ನ ತಮ್ಮನೇ ಅಲ್ವಾ?"

"ಹೌದು."

"ಪರವಾಗಿಲ್ವಾ?"

"ಅಂಕಿಗೆ ಅಣ್ಣತಮ್ಮ ಅಂತ ಇರುತ್ತಾ?"

"ದೇವ್ರೇ, ಎಂಥಾ ಕಲ್ಲಯ್ಯ ನೀನು," ಎಂದಳು ಮೋನಾ. ದನಿಯಲ್ಲಿ ಬೈಗುಳವಿರಲಿಲ್ಲ, ಮೆಚ್ಚುಗೆಯಿತ್ತು.

ಮಧ್ಯಾಹ್ನದೊಳಗೆ ಮೂರು ಲಕ್ಷ ಜನ ಓದಿದರು. ಬಾಜಿ ಮಳಿಗೆಗಳ ಅಂದಾಜು ನಾಲ್ಕರಿಂದ ಒಂದೂವರೆಗೆ ಇಳಿಯಿತು. ಶುಕ್ರವಾರ ಪತ್ರಕರ್ತನೊಬ್ಬ ಆ್ಯಕ್ರನ್ ತರಬೇತುದಾರನನ್ನು ಎಡಗೆರೆಯ ಬಗ್ಗೆ ಕೇಳಿಯೇಬಿಟ್ಟ. ತರಬೇತುದಾರ "ನಮ್ಮ ಹುಡುಗನ ಮೇಲೆ ನನಗೆ ನಂಬಿಕೆ ಇದೆ" ಎಂದು ಹೇಳಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಆ ಆರು ಒದೆತಗಳನ್ನು ಮತ್ತೆ ಮತ್ತೆ ನೋಡಿದನಂತೆ. ನೋಲನ್‌ಗೆ ಇದೊಂದೂ ಗೊತ್ತಿರಲಿಲ್ಲ. ಆಟದ ತಿಂಗಳುಗಳಲ್ಲಿ ತನ್ನ ಬಗ್ಗೆ ಯಾರು ಏನು ಬರೆದರೂ ಓದಬಾರದೆಂದು ಅವನು ವ್ರತ ಹಿಡಿದಿದ್ದ.

ಭಾನುವಾರ ಮಧ್ಯಾಹ್ನ ಗ್ಯಾರೆಟ್ ತಂದೆತಾಯಿಯ ಮನೆಯಲ್ಲಿ ಪಂದ್ಯ ನೋಡಿದ. ಅಪ್ಪ ವಾಲ್ಟರ್ ಟಯರ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಅಮ್ಮ ಬರ್ನಿಸ್ ಅಡುಗೆಮನೆಯಲ್ಲಿ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತುತ್ತ, ಮಗ ಮೈದಾನಕ್ಕೆ ಬಂದಾಗಲೆಲ್ಲ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಇಪ್ಪತ್ತೆರಡು ಸೆಕೆಂಡು ಉಳಿದಾಗ ಆ್ಯಕ್ರನ್ ಎರಡು ಅಂಕ ಹಿಂದಿತ್ತು. ಅದರ ಕೊನೆಯ ಯತ್ನ, ಚೆಂಡು ಎಡಗೆರೆಯ ಮೇಲೆ. ಕಂಬಕ್ಕೆ ನಲವತ್ತಮೂರು ಗಜ. ನೋಲನ್ ಶಿರಸ್ತ್ರಾಣ ತೊಟ್ಟು ಓಡಲು ತಯಾರಾಗಿ ತರಬೇತುದಾರನ ಪಕ್ಕ ಬಂದು ನಿಂತ. ತರಬೇತುದಾರ ಅವನ ಕಡೆ ತಿರುಗದೆ, ನೊಣ ಓಡಿಸುವವರ ಹಾಗೆ ಕೈಯಾಡಿಸಿ ಹಿಂದಕ್ಕೆ ಕಳಿಸಿದ. ಒದೆಯುವ ಬದಲು ಚೆಂಡು ಎಸೆದು ಆಡಲು ಹೇಳಿದ. ಎಸೆದ ಚೆಂಡು ನೆಲಕ್ಕೆ ಬಿತ್ತು. ಪಂದ್ಯ ಮುಗಿಯಿತು.

"ಯಾಕೆ? ನೋಲನ್‌ನ ಯಾಕೆ ಕಳಿಸ್ಲಿಲ್ಲ?" ಎಂದಳು ಬರ್ನಿಸ್. ವಾಲ್ಟರ್ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾನೆಂದುಕೊಂಡು ಬರ್ನಿಸ್ ಅವನ ತಲೆ ನೇವರಿಸಿ ಒಳಗೆ ಹೋದಳು.

ಅವಳು ಹೋದ ಮೇಲೆ ವಾಲ್ಟರ್ ಕೈ ತೆಗೆದ. "ನಿನ್ನ ಲೆಕ್ಕ ನೂರಕ್ಕೆ ನೂರು ಕಣೋ," ಎಂದು ಪಿಸುಗುಟ್ಟಿದ. "ಲೂಯಿವಿಲ್ ಮೇಲೆ ಕಟ್ಟಿದ್ದೆ. ನಿಮ್ಮಮ್ಮಂಗೆ ಹೇಳ್ಬೇಡ."

ಗ್ಯಾರೆಟ್ ತಂದೆಯ ಮುಖ ನೋಡಿದ. ನೂರಕ್ಕೆ ನೂರು ಎಂಬ ಮಾತು ಅವನಿಗೆ ಹಿತವಾಗಿತ್ತು.

ಮಂಗಳವಾರ ನೋಲನ್‌ನನ್ನು ತಂಡದಿಂದ ಕೈಬಿಟ್ಟರು. ಒಂದೇ ಒಂದು ಒದೆತವನ್ನೂ ತಪ್ಪಿಸದ ವಾರದಲ್ಲಿ ಅವನ ಕೆಲಸ ಹೋಯಿತು. ಬೇರೆ ಎರಡು ಊರುಗಳ ತಂಡದವರು ಪರೀಕ್ಷೆಗೆ ಕರೆದರು. ಎರಡೂ ಕಡೆ ಬೇರೇನೂ ಕೇಳದೆ ಚೆಂಡನ್ನು ತೆಗೆದುಕೊಂಡು ಹೋಗಿ ಎಡಗೆರೆಯ ಮೇಲಿಟ್ಟರು. "ಎಲ್ಲರಿಗೂ ಅದ್ಹೇಗೆ ಗೊತ್ತಾಯ್ತೋ ಗ್ಯಾರಿ?" ಎಂದು ನೋಲನ್ ಫೋನಿನಲ್ಲಿ ಕೇಳಿದ. "ಈಗ ಎಲ್ಲಾ ಕಂಪ್ಯೂಟರ್ ನೋಡುತ್ತಲ್ಲ," ಎಂದ ಗ್ಯಾರೆಟ್.

ಡಿಸೆಂಬರಿನ ಎರಡನೇ ಭಾನುವಾರ ಬರ್ನಿಸ್ ಇಬ್ಬರನ್ನೂ ಊಟಕ್ಕೆ ಕರೆದಳು. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ನೋಲನ್ ಮೊದಲೇ ಬಂದು, ಗ್ಯಾರೇಜಿನಲ್ಲಿದ್ದ ಹೊಚ್ಚಹೊಸ ಯಂತ್ರದಿಂದ ಅಂಗಳದ ಹಿಮವನ್ನೆಲ್ಲ ತಳ್ಳಿ, ಕೆಂಪು ಮುಖ ಹೊತ್ತು ಒಳಗೆ ಬಂದ.

"ಎಂಥಾ ಯಂತ್ರ ಅಪ್ಪ! ಬೆಣ್ಣೆ ಕತ್ತರಿಸಿದಂಗೆ ಹೋಗುತ್ತೆ. ಪೆನ್ಶನ್ ಹೆಚ್ಚಾಯ್ತಾ?"

"ಅದೃಷ್ಟ ಹೆಚ್ಚಾಯ್ತು ಅಂತೆ," ಎಂದಳು ಬರ್ನಿಸ್ ಬಡಿಸುತ್ತ. "ಯಾವುದೋ ಬಾಜಿ ಗೆದ್ರಂತೆ. ನನಗಂತೂ ಹೇಳಲ್ಲ."

"ಹೇಳಪ್ಪ, ಯಾವ ಪಂದ್ಯ? ನಾನೂ ಈಗ ನಿರುದ್ಯೋಗಿ, ಕಟ್ತೀನಿ."

ವಾಲ್ಟರ್ ಆಗಲೇ ಮೂರನೇ ಬಿಯರಿನಲ್ಲಿದ್ದ. "ನಿಮ್ಮಣ್ಣನ್ನ ಕೇಳು. ಅವನು ಬರೆದ, ನಾನು ಕಟ್ಟಿದೆ. ಗ್ಲೆನ್ ಹಾರ್ಟ್‌ವೆಲ್ ಅಂದ್ರೆ ಬೇರೆ ಯಾರೂ ಅಲ್ಲ."

ನೋಲನ್ ನಗುತ್ತಲೇ ಫೋನ್ ತೆಗೆದು ಹೆಸರು ಹುಡುಕಿ, ಲೂಯಿವಿಲ್ ಪಂದ್ಯದ ಮುನ್ನೋಟ ತೆರೆದ. ಓದುತ್ತ ಹೋದಂತೆ ನಗು ಮುಖದ ಮೇಲೆ ಹಾಗೇ ಉಳಿಯಿತು, ಅದರ ಹಿಂದಿದ್ದ ಖುಷಿಯೆಲ್ಲ ಜಾರಿಹೋಯಿತು. ಎರಡನೇ ಸಲ ಓದಿದ. ಫೋನನ್ನು ತಟ್ಟೆಯ ಪಕ್ಕದಲ್ಲಿ ಬೋರಲು ಹಾಕಿದ.

"ನೋವಿನ ಬಗ್ಗೆ ಒಂದಕ್ಷರ ಬರೆದಿಲ್ಲ ನಾನು," ಎಂದ ಗ್ಯಾರೆಟ್.

"ಇಲ್ಲ, ಬರೆದಿಲ್ಲ." ನೋಲನ್ ಎದ್ದು ಕೋಟು ಹಾಕಿಕೊಂಡ. "ಬಾ. ಶಾಲೆ ಮೈದಾನಕ್ಕೆ ಹೋಗೋಣ. ಚೆಂಡು ಕಾರಲ್ಲಿದೆ."

"ನೋಲನ್, ಊಟ..." ಎಂದಳು ಬರ್ನಿಸ್.

"ಬಂದು ಮಾಡ್ತೀನಮ್ಮ."

ಶಾಲೆಯ ಮೈದಾನದಲ್ಲಿ ಯಾರೂ ಇರಲಿಲ್ಲ. ನೋಲನ್ ಹೆಜ್ಜೆ ಎಣಿಸಿ, ಬೂಟಿನಿಂದ ಹಿಮ ಕೆದಕಿ ಎಡಗೆರೆಯನ್ನು ಕಂಡುಹಿಡಿದ. ನಲವತ್ತಮೂರು ಗಜ. "ಹಿಡಿ," ಎಂದ. ಗ್ಯಾರೆಟ್ ಒದ್ದೆ ನೆಲದ ಮೇಲೆ ಮಂಡಿಯೂರಿ ಚೆಂಡಿನ ತುದಿಗೆ ಬೆರಳಿಟ್ಟು ಹಿಡಿದ. ಬೂಟು ತನ್ನ ಕೈಗೆ ಬೀಳುತ್ತದೆಂದೇ ಅವನು ಎಣಿಸಿದ್ದ. ಕಣ್ಣು ಮುಚ್ಚಿದ. ಚೆಂಡು ಬೆರಳಿನಡಿಯಿಂದ ಹಾರಿಹೋಗಿ ಕಂಬಗಳ ನಟ್ಟನಡುವೆ ದಾಟಿತು.

ಎರಡನೆಯದೂ ದಾಟಿತು. ಮೂರನೆಯದು ಬಲಗಂಬಕ್ಕೆ ಉಜ್ಜಿಕೊಂಡು ಒಳಗೆ ಬಿತ್ತು. ನೋಲನ್‌ನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಕಚ್ಚಿದ ಕಡೆ ರಕ್ತ ಬಂದಿತ್ತು. ಎರಡು ಕೈಗಳನ್ನೂ ಮಂಡಿಗೂರಿ ಬಾಗಿ ನಿಂತು ಉಸಿರೆಳೆದುಕೊಂಡ.

"ಸಾಕಾ?" ಎಂದ.

ಸಾಕು ಅನ್ನಬಹುದಿತ್ತು. ಒಂದೇ ಮಾತು. ಗ್ಯಾರೆಟ್‌ನ ಬಾಯಿಗೆ ಬಂದದ್ದು ಬೇರೆ. ಹನ್ನೊಂದು ವರ್ಷಗಳಿಂದ ಓದುಗರಿಗೆ ಹೇಳಿ ಹೇಳಿ ರೂಢಿಯಾದದ್ದು.

"ಮೂರು ಒದೆತ ಲೆಕ್ಕಕ್ಕೆ ಬರಲ್ಲ."

ನೋಲನ್ ಚೆಂಡನ್ನು ತಂದುಕೊಟ್ಟ. ಹಿಂದಕ್ಕೆ ಸರಿದ. ಮೂರು ಹೆಜ್ಜೆ ಓಡಿ ಬಂದು ಎಡಗಾಲನ್ನು ಊರಿದ. ಆಗ ಒದ್ದೆ ಬಟ್ಟೆ ಹರಿದಂತಹ ಸಣ್ಣ ಸದ್ದೊಂದು ಗ್ಯಾರೆಟ್‌ಗೆ ಸ್ಪಷ್ಟವಾಗಿ ಕೇಳಿಸಿತು. ನೋಲನ್ ಬಿದ್ದ. ಅವನು ಕೂಗಲಿಲ್ಲ. ಹಿಮವನ್ನು ಮುಷ್ಟಿ ಮುಷ್ಟಿ ಹಿಡಿದು ಬಾಯಿಗೆ ತುರುಕಿಕೊಂಡ.

ಆಸ್ಪತ್ರೆಯಲ್ಲಿ ಸ್ನಾಯು ಮೂಳೆಯಿಂದ ಕಿತ್ತುಬಂದಿದೆ ಎಂದರು. ನಡೆಯಬಹುದು, ಮುಂದೆ ಮೆಲ್ಲಗೆ ಓಡಲೂಬಹುದು, ಒದೆಯುವುದು ಮಾತ್ರ ಮುಗಿಯಿತು ಎಂದರು. ಮೊಗಸಾಲೆಯಲ್ಲಿ ಬರ್ನಿಸ್ ದೊಡ್ಡ ಮಗನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕುಳಿತಳು.

"ನಿನ್ನ ಹತ್ರ ಅವನು ನೋವು ಅಂತ ಹೇಳಿದ್ನಾ?"

"ಹೇಳಿದ್ದ."

"ಯಾವಾಗ?"

"ಬರೆಯೋಕೆ ಎರಡು ದಿನ ಮುಂಚೆ."

"ಕ್ರಿಸ್‌ಮಸ್‌ಗೆ ನೀನು ಬರೋದು ಬೇಡ," ಎಂದಳು ಬರ್ನಿಸ್. "ಈಸ್ಟರ್‌ಗೂ ಬೇಡ. ನಾನು ಸತ್ತಾಗ ಬಂದ್ರೆ ಸಾಕು. ಆಗ ತಡೆಯೋಕೆ ನಾನಿರಲ್ಲ."

ಮೋನಾ ಅವನ ಸಂಬಳ ಹೆಚ್ಚಿಸಿದಳು. ಕಿಕ್ಕರ್‌ಗಳ ಮೇಲೆಯೇ ವಾರಕ್ಕೊಂದು ಅಂಕಣ ಬೇಕೆಂದಳು. ಓದುಗರು ಅದನ್ನೇ ಕೇಳುತ್ತಿದ್ದಾರಂತೆ. ಗ್ಯಾರೆಟ್ ಬರೆಯತೊಡಗಿದ. ಆ್ಯಕ್ರನ್‌ಗೆ ನೋಲನ್‌ನ ಜಾಗದಲ್ಲಿ ಬಂದಿದ್ದವನು ಎದುರುಗಾಳಿಯಲ್ಲಿ ಐದಕ್ಕೆ ಎರಡು ಎಂಬುದು ಅವನಿಗೆ ಮೊದಲ ವಾರವೇ ಸಿಕ್ಕಿತು.

ಕ್ರಿಸ್‌ಮಸ್ ದಿನ ಮಧ್ಯಾಹ್ನ ಅವನು ಅಂಗಡಿಯಿಂದ ತಂದ ಕೋಳಿಯನ್ನು ಡಬ್ಬಿಯಿಂದಲೇ ತಿನ್ನುತ್ತಿದ್ದಾಗ ಫೋನ್ ಬಂತು. ವಾಲ್ಟರ್ ಗ್ಯಾರೇಜಿನಿಂದ ದನಿ ತಗ್ಗಿಸಿ ಮಾತಾಡುತ್ತಿದ್ದ. ಹಿಂದೆ ಎಲ್ಲೋ ತಟ್ಟೆಗಳ ಸದ್ದು, ನೋಲನ್‌ನ ಪುಟ್ಟ ಮಗಳ ನಗು.

"ಅವಳ ಕೋಪ ತಣ್ಣಗಾಗುತ್ತೆ ಬಿಡೋ, ತಲೆ ಕೆಡಿಸ್ಕೋಬೇಡ. ನೋಲನ್ ಊರುಗೋಲಲ್ಲಿ ಓಡಾಡ್ತಾನೆ. ಅದಿರ್ಲಿ, ಭಾನುವಾರ ಯಾರ ಮೇಲೆ ಕಟ್ಲಿ?"

ಗ್ಯಾರೆಟ್ ಹೇಳಿದ. ಹೆಸರಷ್ಟೇ ಹೇಳಿ ಮುಗಿಸಲಿಲ್ಲ. ಎದುರುಗಾಳಿ, ಮೂರನೇ ಯತ್ನ, ರಕ್ಷಣೆಯ ಸಾಲು ಎಂದು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದ. ಆ ಇಡೀ ದಿನ ಅವನಿಗೆ ಬಂದದ್ದು ಅದೊಂದೇ ಫೋನ್.